ಕೊನೇ ಕೇರಿಯ ನಲ್ಲಿ: ಒಂದು ನೀರು ಸಮಿತಿಯ ಪ್ರಕರಣ ಅಧ್ಯಯನ

ಈ ಪ್ರಕರಣ ನಡೆದದ್ದು ಹಳೇ ಮೈಸೂರು ಕಡೆಯ ಬಯಲುಸೀಮೆಯ ಒಂದು ಹಳ್ಳಿಯಲ್ಲಿ. ಊರಿನ ಹೆಸರು, ತಾಲ್ಲೂಕು, ಜನರ ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಹಿಡಿಯಬಹುದಾದ ಒಂದೆರಡು ಸಣ್ಣ ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ನಾನು ಆಗ ಪಂಚಾಯಿತಿ ಸದಸ್ಯರಿಗೂ ನೀರು ಸಮಿತಿಗಳಿಗೂ ತರಬೇತಿ ಕೊಡುತ್ತಾ ಊರೂರು ಓಡಾಡುತ್ತಿದ್ದೆ. ಹಾಗಾಗಿ ಇಲ್ಲಿ ಬರುವ ತಪ್ಪುಗಳಲ್ಲಿ ಕೆಲವು ನನ್ನವೂ ಹೌದು.

ಊರು ಮತ್ತು ಪೈಪು

ಊರಲ್ಲಿ ಸುಮಾರು ಇನ್ನೂರು ಮನೆ. ಊರ ತಲೆಯಲ್ಲಿ ಓವರ್‌ಹೆಡ್ ಟ್ಯಾಂಕ್. ಅದರ ಬುಡದಿಂದ ಹೊರಟ ಪೈಪು ಮೊದಲು ಮೇಲಿನ ಕೇರಿಗೆ ಹೋಗುತ್ತದೆ, ಆಮೇಲೆ ದೇವಸ್ಥಾನದ ಬೀದಿ, ಕಡೆಗೆ ಹಳ್ಳ ದಾಟಿ ಸ್ವಲ್ಪ ಏರಿನಲ್ಲಿರುವ ಕಾಲೋನಿ. ಕಾಲೋನಿ ಅಂದರೆ ಪರಿಶಿಷ್ಟ ಜಾತಿಯವರ ಕೇರಿ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೈಪು ಮುಂದೆ ಹೋದಷ್ಟೂ ಸಣ್ಣದಾಗುತ್ತದೆ. ಯಾರೋ ಬೇಕು ಅಂತ ಹೀಗೆ ಮಾಡಿದ್ದು ಅಂತ ನಾನು ಹೇಳುವುದಿಲ್ಲ. ಊರು ಬೆಳೆದ ಹಾಗೆ ಪೈಪು ಬೆಳೆದಿದೆ, ಅಷ್ಟೇ. ಆದರೆ ಎಷ್ಟೋ ಊರುಗಳಲ್ಲಿ ಪೈಪಿನ ಕೊನೆ ಎಲ್ಲಿದೆ ಅಂತ ಹುಡುಕಿಕೊಂಡು ಹೋದರೆ ಕಾಲೋನಿಗೇ ಬಂದು ನಿಲ್ಲುತ್ತೇವೆ. ಅದು ಕಾಕತಾಳೀಯ ಅಂತಲೂ ನಾನು ಹೇಳುವುದಿಲ್ಲ.

ಬೆಳಿಗ್ಗೆ ಆರು ಗಂಟೆಗೆ ನೀರಗಂಟಿ ವಾಲ್ವ್ ತಿರುಗಿಸುತ್ತಾನೆ. ಹಿಂದೆ ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಹಂಚುತ್ತಿದ್ದವನಿಗೆ ನೀರಗಂಟಿ ಅನ್ನುತ್ತಿದ್ದರು. ಈಗ ಕೆರೆ ಒಣಗಿದೆ, ಹೆಸರು ಮಾತ್ರ ನಲ್ಲಿ ನೀರು ಬಿಡುವವನಿಗೆ ಬಂದಿದೆ. ಒಂದೂವರೆ ಗಂಟೆ ನೀರು ಬಿಟ್ಟರೆ ಮೇಲಿನ ಕೇರಿಯಲ್ಲಿ ಮನೆಯ ಮೇಲಿನ ಸಿಂಟೆಕ್ಸ್ ತುಂಬಿ ಹರಿಯುತ್ತಿತ್ತು. ಕಾಲೋನಿಯ ಕೊನೇ ಮನೆಗಳಲ್ಲಿ ನಲ್ಲಿ ಬುಸ್ ಅಂತ ಗಾಳಿ ಬಿಟ್ಟು ಸುಮ್ಮನಾಗುತ್ತಿತ್ತು.

ಕಾರಣ ಎಲ್ಲರಿಗೂ ಗೊತ್ತಿತ್ತು. ಮೇಲಿನ ಎರಡು ಬೀದಿಗಳಲ್ಲಿ ಬಹಳ ಮನೆಯವರು ನಲ್ಲಿಗೆ ಅರ್ಧ ಎಚ್‌ಪಿ ಮೋಟಾರ್ ಹಾಕಿ ನೀರು ಎಳೆಯುತ್ತಿದ್ದರು. ಒಬ್ಬರು ಹಾಕಿದರೆ ಪಕ್ಕದ ಮನೆಗೆ ನೀರು ಕಮ್ಮಿ, ಆಮೇಲೆ ಅವರೂ ಹಾಕುತ್ತಾರೆ. ಹೀಗೆ ಹಬ್ಬಿದ್ದು. ಮೊದಲು ಹಾಕಿದವರು ಯಾರು ಅಂತ ಕೇಳಿದರೆ ಎಲ್ಲರೂ ಪಕ್ಕದ ಮನೆ ಕಡೆ ಕೈ ತೋರಿಸುತ್ತಿದ್ದರು.

ಕಾಗದದ ಮೇಲಿನ ಸಮಿತಿ

ಮನೆಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆ ಜಲ ಜೀವನ್ ಮಿಷನ್ 2019ರಲ್ಲಿ ಶುರುವಾದಾಗ ಪ್ರತಿ ಹಳ್ಳಿಗೂ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು ಅಂತ ಆಯಿತು. ಹತ್ತರಿಂದ ಹದಿನೈದು ಜನ, ಅದರಲ್ಲಿ ಅರ್ಧದಷ್ಟು ಹೆಂಗಸರು, ಪಂಚಾಯಿತಿ ಸದಸ್ಯರು ಕಾಲು ಭಾಗ ಮೀರಬಾರದು, ದುರ್ಬಲ ವರ್ಗದವರಿಗೆ ಅವರ ಜನಸಂಖ್ಯೆಗೆ ತಕ್ಕ ಜಾಗ. ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಮನೆ ನಲ್ಲಿಯಲ್ಲೇ ಸಿಗಬೇಕು, ಅದನ್ನು ನೋಡಿಕೊಳ್ಳುವುದು ಈ ಸಮಿತಿಯ ಕೆಲಸ.

ಈ ಊರಲ್ಲೂ ಸಮಿತಿ ಇತ್ತು. ಹನ್ನೆರಡು ಹೆಸರು, ಹನ್ನೆರಡು ಸಹಿ, ರಬ್ಬರ್ ಸ್ಟಾಂಪು, ಎಲ್ಲ ಸರಿಯಾಗಿತ್ತು. ನಾನು ಪಟ್ಟಿ ಹಿಡಿದುಕೊಂಡು ಮನೆಮನೆಗೆ ಹೋದೆ. ಕಾಲೋನಿಯಲ್ಲಿ ಒಬ್ಬ ಹೆಣ್ಣುಮಗಳು ಹಿಟ್ಟು ಕಲಸುತ್ತಿದ್ದವಳು ಕೈ ಒರೆಸಿಕೊಂಡು ಬಂದು ತನ್ನ ಸಹಿ ನೋಡಿದಳು. "ಇದು ನಂದೇ ಸಾರ್. ಆದ್ರೆ ನಾನು ಸಂಘದ ಸಾಲದ್ದು ಅಂದ್ಕೊಂಡು ಹಾಕಿದ್ದು" ಅಂದಳು. ಆಕೆಯನ್ನು ಇಲ್ಲಿ ಅಕ್ಕ ಅಂತಲೇ ಕರೆಯುತ್ತೇನೆ. ಊರಲ್ಲೂ ಹಾಗೇ ಕರೆಯುತ್ತಿದ್ದರು, ಅಲ್ಲದೆ ಮುಂದೆ ಆಕೆಯ ಮಾತು ಬಹಳ ಬರುತ್ತದೆ.

ಹನ್ನೆರಡು ಜನರಲ್ಲಿ ತಾನು ಸದಸ್ಯ ಅಂತ ಗೊತ್ತಿದ್ದವರು ನಾಲ್ಕೇ ಜನ. ನಾಲ್ವರೂ ಮೇಲಿನ ಕೇರಿ, ದೇವಸ್ಥಾನದ ಬೀದಿಯವರು. ನಾಲ್ವರ ಮನೆಯಲ್ಲೂ ಮೋಟಾರ್ ಇತ್ತು.

ಮೊದಲು ಮಾಡಿದ್ದು

ನಾನು ಹೋಗುವ ಮೊದಲೇ ಪಂಚಾಯಿತಿ ಎರಡು ಪ್ರಯತ್ನ ಮಾಡಿತ್ತು. ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ, ಮೋಟಾರ್ ಹಾಕಿದರೆ ಜಪ್ತಿ ಅಂತ ಆಟೋದಲ್ಲಿ ಮೈಕ್ ಕಟ್ಟಿ ಕೂಗಿಸಿದ್ದರು. ಜಪ್ತಿ ಮಾಡಲು ಹೋದವನು ನೀರಗಂಟಿ. ಮೊದಲ ಮನೆಯೇ ಒಬ್ಬ ಸದಸ್ಯರ ಷಡ್ಡಕನದ್ದು. "ನಿನ್ನ ಸಂಬಳ ಯಾರು ಕೊಡೋದು ಗೊತ್ತಾ?" ಅಂತ ಕೇಳಿದರಂತೆ. ಅವನು ವಾಪಸ್ ಬಂದ. ಮಾರನೇ ದಿನದಿಂದ ಮೋಟಾರ್‌ಗಳು ನಲ್ಲಿ ಪಕ್ಕದಿಂದ ಬಚ್ಚಲು ಮನೆಯೊಳಗೆ ಹೋದವು.

ಇಲ್ಲಿ ನಿರ್ಧಾರ ತಪ್ಪಾಗಿರಲಿಲ್ಲ. ಆದರೆ ಅದನ್ನು ಜಾರಿ ಮಾಡುವ ಕೆಲಸವನ್ನು ಇಡೀ ವ್ಯವಸ್ಥೆಯಲ್ಲೇ ಎಲ್ಲರಿಗಿಂತ ಕೆಳಗಿದ್ದವನ ತಲೆಗೆ ಕಟ್ಟಿದ್ದರು. ಇಂಥ ಠರಾವುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಎರಡನೆಯದು ಹೊಸ ಬೋರ್‌ವೆಲ್. ನೀರು ಸಾಲುತ್ತಿಲ್ಲ ಅಂದರೆ ಬೋರ್ ಕೊರೆಸುವುದು ನಮ್ಮಲ್ಲಿ ಎಲ್ಲರೂ ಒಪ್ಪುವ ಪರಿಹಾರ. ಯಾರ ಮನೆಯ ಮೋಟಾರೂ ಕೀಳಬೇಕಿಲ್ಲ, ಯಾರ ಜೊತೆಗೂ ಜಗಳ ಇಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಕುಡಿಯುವ ನೀರಿಗೇ ಅಂತ ಮೀಸಲಿಟ್ಟ ಭಾಗ ಇತ್ತು, ಹಣಕ್ಕೂ ತೊಂದರೆ ಇರಲಿಲ್ಲ. ಬೋರ್‌ನಲ್ಲಿ ನೀರೂ ಬಿತ್ತು. ಟ್ಯಾಂಕ್ ಬೇಗ ತುಂಬತೊಡಗಿತು. ಮೇಲಿನ ಕೇರಿಯವರು ತೆಂಗಿನ ಸಸಿಗೆ ನೀರು ಬಿಡಲು ಶುರು ಮಾಡಿದರು. ಕಾಲೋನಿಯ ನಲ್ಲಿ ಮೊದಲಿನ ಹಾಗೇ ಬುಸ್ ಅನ್ನುತ್ತಿತ್ತು.

ನನ್ನ ತಪ್ಪು

ಮೂರನೆಯ ಪ್ರಯತ್ನ ನನ್ನ ಸಲಹೆ. "ಗ್ರಾಮಸಭೆಗೆ ತನ್ನಿ, ಎಲ್ಲರೆದುರು ಚರ್ಚೆ ಆಗಲಿ" ಅಂದೆ. ತರಬೇತಿಯಲ್ಲಿ ಹೇಳಲು ಚೆನ್ನಾಗಿರುತ್ತದೆ ಈ ಮಾತು. ಕಾಯ್ದೆ ಪ್ರಕಾರ ಮೊದಲು ವಾರ್ಡ್ ಸಭೆ ಆಗಬೇಕು, ಅಲ್ಲಿ ಬಂದ ಬೇಡಿಕೆ ಗ್ರಾಮಸಭೆಗೆ ಹೋಗಬೇಕು. ವಾರ್ಡ್ ಸಭೆ ಪುಸ್ತಕದಲ್ಲಿ ನಡೆದಿತ್ತು, ಊರಲ್ಲಿ ನಡೆದಿರಲಿಲ್ಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಆ ಹೆಜ್ಜೆ ಬಿಟ್ಟು ಮುಂದೆ ಹೋದೆ.

ಗ್ರಾಮಸಭೆಯ ದಿನ ಶಾಮಿಯಾನ ತುಂಬಿತ್ತು. ಆದರೆ ಜನ ಬಂದದ್ದು ವಸತಿ ಯೋಜನೆಯ ಮನೆ ಪಟ್ಟಿಗೆ. ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲೇ ಆಗಬೇಕಲ್ಲ, ಹಾಗಾಗಿ ಎಲ್ಲರ ಕಣ್ಣೂ ಆ ಒಂದು ಹಾಳೆಯ ಮೇಲೆ. ಎರಡೂವರೆ ಗಂಟೆ ಪಟ್ಟಿಯ ಗಲಾಟೆ ನಡೆಯಿತು. ನೀರಿನ ವಿಷಯ ಅಜೆಂಡಾದಲ್ಲಿ ಕೊನೆಗೆ ಇತ್ತು. ಅಕ್ಕ ಎದ್ದು ನಿಲ್ಲುವ ಹೊತ್ತಿಗೆ ಅರ್ಧ ಕುರ್ಚಿ ಖಾಲಿ, ಊಟದ ಕಡೆಯಿಂದ ಸಾರಿನ ವಾಸನೆ. ಆಕೆ ಎರಡು ವಾಕ್ಯ ಹೇಳಿದಳು. "ಆಯ್ತಮ್ಮಾ, ಪರಿಶೀಲಿಸೋಣ" ಅಂತ ಉತ್ತರ ಬಂತು. ನಡಾವಳಿ ಪುಸ್ತಕದಲ್ಲಿ ಒಂದೇ ಸಾಲು: ಕುಡಿಯುವ ನೀರಿನ ಬಗ್ಗೆ ಚರ್ಚಿಸಲಾಯಿತು.

ಆ ರಾತ್ರಿ ಕಾಲೋನಿಯಲ್ಲಿ ಕೆಲವರು ಅಕ್ಕನನ್ನೇ ಬೈದರು. ಎಲ್ಲರೆದುರು ಕೇಳಿ ಮರ್ಯಾದೆ ಕಳೆದುಕೊಂಡಿದ್ದು ಬಿಟ್ಟರೆ ಸಿಕ್ಕಿದ್ದೇನು ಅಂತ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಕೆಟ್ಟು ಮತ್ತು ಮೊಬೈಲು

ಆಮೇಲೆ ಸ್ವಲ್ಪ ದಿನ ಸುಮ್ನೆ ಇದ್ದೆವು. ಆ ಹೊತ್ತಿಗೆ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಒಂದು ಸಣ್ಣ ಕೆಲಸ ಹೇಳಿದರು. ಅದು ಉಪಯೋಗಕ್ಕೆ ಬಂತು. "ಮೋಟಾರ್ ವಿಷಯ ಮಾತಾಡ್ಬೇಡಿ. ಯಾವ ಮನೇಲಿ ಬಕೆಟ್ ತುಂಬೋಕೆ ಎಷ್ಟು ಹೊತ್ತು ಬೇಕು ಅಂತ ಮಾತ್ರ ಬರ್ಕೊಂಡು ಬನ್ನಿ" ಅಂದರು.

ಅಕ್ಕ, ಅಂಗನವಾಡಿ ಸಹಾಯಕಿ, ದೇವಸ್ಥಾನದ ಬೀದಿಯ ಒಬ್ಬ ಸದಸ್ಯೆ, ಈ ಮೂವರು ಒಂದು ವಾರ ಬೆಳಿಗ್ಗೆ ಆರಕ್ಕೆ ಹೊರಟರು. ಒಂದೇ ಅಳತೆಯ ಪ್ಲಾಸ್ಟಿಕ್ ಬಕೆಟ್, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್, ಇನ್ನೂರು ಪೇಜಿನ ನೋಟ್‌ಬುಕ್ಕು. ಟ್ಯಾಂಕ್ ಹತ್ತಿರದ ಮನೆಯಲ್ಲಿ ಬಕೆಟ್ ತುಂಬಲು ಒಂದು ನಿಮಿಷವೂ ಬೇಕಾಗಲಿಲ್ಲ. ದೇವಸ್ಥಾನದ ಬೀದಿಯ ಕೊನೆಯಲ್ಲಿ ನಾಲ್ಕು ನಿಮಿಷ. ಕಾಲೋನಿಯ ಮೊದಲ ಮನೆಯಲ್ಲಿ ಹನ್ನೊಂದು. ಕೊನೇ ಆರು ಮನೆಗಳ ಮುಂದೆ ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ.

ಸಮಿತಿ ಸಭೆಯಲ್ಲಿ ಆ ಪುಸ್ತಕ ಕೈಯಿಂದ ಕೈಗೆ ಹೋಯಿತು. ದೇವಸ್ಥಾನದ ಬೀದಿಯ ಕೊನೆಯವರಿಗೆ ತಮಗೂ ನೀರು ಕಮ್ಮಿ ಬರುತ್ತಿದೆ ಅಂತ ಮೊದಲ ಸಲ ಗೊತ್ತಾದದ್ದು ಆಗ. ಅಲ್ಲಿವರೆಗೆ ಇದು ಕಾಲೋನಿಯವರ ದೂರು ಆಗಿತ್ತು. ಅಂದು ಒಂದಿಬ್ಬರಾದರೂ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತರು.

ಕರದ ವಿಷಯವೂ ಅದೇ ಸಭೆಯಲ್ಲಿ ಬಂತು. "ಕಾಲೋನಿಯವರು ನೀರಿನ ಕಂದಾಯ ಕಟ್ಟಲ್ಲ, ಮೊದಲು ಕಟ್ಟಲಿ" ಅಂತ ಒಬ್ಬರು ಶುರು ಮಾಡಿದರು. ಬಾರದ ನೀರಿಗೆ ಏನು ಕಟ್ಟೋದು ಅಂತ ಅಕ್ಕ. ಮಾತು ಜೋರಾಗುವಷ್ಟರಲ್ಲಿ ಬಿಲ್ ಕಲೆಕ್ಟರ್ ಬಾಕಿ ಪಟ್ಟಿ ತೆಗೆದು ಓದಿಬಿಟ್ಟರು. ಬಾಕಿ ಜಾಸ್ತಿ ಇದ್ದದ್ದು ಮೇಲಿನ ಕೇರಿಯಲ್ಲಿ. ಯಾರೂ ಓದಲು ಹೇಳಿರಲಿಲ್ಲ. ಅವರು ಯಾಕೆ ಓದಿದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಪಂಚಾಯಿತಿ ಲೆಕ್ಕಪತ್ರವನ್ನು ಜನರೆದುರು ಪರಿಶೀಲಿಸುವ ಜಮಾಬಂದಿ ವರ್ಷಕ್ಕೊಮ್ಮೆ ಇರುತ್ತದೆ. ಆ ಪಟ್ಟಿಯನ್ನು ಅಲ್ಲೂ ಎಲ್ಲರ ಮುಂದೆ ಇಡಬಹುದಿತ್ತು, ಇಟ್ಟಿರಲಿಲ್ಲ.

ಇಷ್ಟಾದರೂ ಮೋಟಾರ್ ಕೀಳಲು ಯಾರೂ ಒಪ್ಪಲಿಲ್ಲ.

ಕಪ್ಪಾದ ಬಾಟಲಿ

ತಿರುವು ಬಂದದ್ದು ಇನ್ನೊಂದು ದಾರಿಯಿಂದ. ಮಿಷನ್ನಿನಲ್ಲಿ ಪ್ರತಿ ಊರಿನ ಐದು ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು, ಒಂದು ಕಿಟ್ ಕೊಡಬೇಕು. ಕಿಟ್ ಜೊತೆ ಎಚ್‌ಟೂಎಸ್ ಬಾಟಲಿ ಅಂತ ಬರುತ್ತದೆ. ಬೆರಳುದ್ದದ ಬಾಟಲಿ. ಗುರುತಿನವರೆಗೆ ನೀರು ತುಂಬಿ ಮುಚ್ಚಿ ಬೆಚ್ಚಗಿನ ಜಾಗದಲ್ಲಿಟ್ಟರೆ, ಮಲದಿಂದ ಬರುವ ಬ್ಯಾಕ್ಟೀರಿಯಾ ನೀರಿನಲ್ಲಿದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ.

ಅಂಗನವಾಡಿ ಸಹಾಯಕಿ ಮೂರು ಕಡೆ ನೀರು ಹಿಡಿದಳು: ಟ್ಯಾಂಕ್ ಬುಡ, ಮೇಲಿನ ಕೇರಿಯ ಒಂದು ನಲ್ಲಿ, ಕಾಲೋನಿಯ ಮೊದಲ ನಲ್ಲಿ. ಅಂಗನವಾಡಿಯ ಕಪಾಟಿನಲ್ಲಿ ಬೇಳೆ ಡಬ್ಬದ ಹಿಂದೆ ಇಟ್ಟಳು. ಮಾರನೇ ದಿನ ಸಂಜೆ ತೆಗೆದರೆ ಟ್ಯಾಂಕಿನ ನೀರು ಹಾಗೇ ಇತ್ತು. ಕಾಲೋನಿಯದ್ದೂ ಹಾಗೇ. ಮೇಲಿನ ಕೇರಿಯ ಬಾಟಲಿ ಇದ್ದಿಲು ಅರೆದು ಕಲಸಿದ ಹಾಗೆ ಕಪ್ಪಾಗಿತ್ತು.

ಯಾಕೆ ಅಂತ ಯೋಚಿಸಿದರೆ ಕಷ್ಟವೇನಲ್ಲ. ಮೇಲಿನ ಕೇರಿಯಲ್ಲಿ ಪೈಪು ಚರಂಡಿಯ ಒಳಗೇ ಹಾದು ಹೋಗಿತ್ತು, ಜಾಯಿಂಟ್‌ಗಳು ಸಡಿಲ. ಪೈಪಿನೊಳಗೆ ಒತ್ತಡ ಇದ್ದಾಗ ನೀರು ಹೊರಗೆ ಸೋರುತ್ತದೆ, ಅಷ್ಟೇ. ಮೋಟಾರ್ ಹಾಕಿ ಎಳೆದಾಗ ಪೈಪು ಸ್ಟ್ರಾ ಹಾಗೆ ಹೀರುತ್ತದೆ, ಆಗ ಚರಂಡಿ ನೀರು ಒಳಗೆ ಬರುತ್ತದೆ. ಮೋಟಾರ್ ಇದ್ದ ಮನೆಗಳೇ ಅದನ್ನು ಮೊದಲು ಕುಡಿಯುತ್ತಿದ್ದವು. ಆ ಕೇರಿಯಲ್ಲಿ ಹಿಂದಿನ ತಿಂಗಳು ಮೂರು ಮಕ್ಕಳಿಗೆ ವಾಂತಿಭೇದಿ ಆಗಿತ್ತು. ಇದರಿಂದಲೇ ಆಯಿತು ಅಂತ ಯಾರೂ ಸಾಬೀತು ಮಾಡಲಿಲ್ಲ. ಸಾಬೀತು ಬೇಕಾಗಲೂ ಇಲ್ಲ.

ಬಾಟಲಿಯನ್ನು ಸಭೆಯ ಟೇಬಲ್ ಮೇಲೆ ಇಟ್ಟಾಗ ಸಮಿತಿಯ ಹಿರಿಯ ಸದಸ್ಯರೊಬ್ಬರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಮೋಟಾರ್ ಬಗ್ಗೆ ಎಲ್ಲರಿಗಿಂತ ಜೋರಾಗಿ ವಾದ ಮಾಡುತ್ತಿದ್ದವರು ಅವರೇ. "ಇದು ನಮ್ಮ ಬೀದೀದಾ?" ಅಂತ ಎರಡು ಸಲ ಕೇಳಿದರು. ಮೂರನೇ ದಿನ ಅವರ ಮನೆಯ ಮೋಟಾರ್ ಕಳಚಿತ್ತು.

ಇದನ್ನು ಯಶಸ್ಸಿನ ಕಥೆಯ ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಕಾಲೋನಿಯವರು ಎರಡು ವರ್ಷ ಬೋರ್ ಹತ್ತಿರದಿಂದ ಬಿಂದಿಗೆ ಹೊತ್ತದ್ದು ಯಾರನ್ನೂ ಅಲುಗಿಸಲಿಲ್ಲ. ಒಂದು ಬೆರಳುದ್ದದ ಬಾಟಲಿ ಅಲುಗಿಸಿತು, ಅದೂ ತಮ್ಮ ಬೀದಿಯದ್ದು ಅಂತ ಗೊತ್ತಾದ ಮೇಲೆ. ಬೇರೆ ಊರುಗಳಲ್ಲಿ ಕೆಲಸ ಮಾಡುವವರಿಗೆ ನಾನು ಈಗ ಹೇಳುವುದು ಇಷ್ಟು: ಸಮಸ್ಯೆಯಿಂದ ಲಾಭ ಆಗುತ್ತಿರುವವರಿಗೆ ಅದರಿಂದಲೇ ಏನು ನಷ್ಟ ಆಗುತ್ತಿದೆ ಅಂತ ಮೊದಲು ಹುಡುಕಿ. ನ್ಯಾಯದ ಮಾತು ಬಿಡಬೇಡಿ. ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಕರೆಂಟ್ ತೆಗೆಯೋಣ

ಕೆಲವರು ಮೋಟಾರ್ ಕಿತ್ತರು, ಕೆಲವರು ಕೀಳಲಿಲ್ಲ. "ಅವನು ಕೀಳಲಿ, ಆಮೇಲೆ ನಾನು" ಅನ್ನುವ ಹಳೇ ರಾಗ. ಆಗ ನೀರಗಂಟಿಯೇ ಒಂದು ಉಪಾಯ ಹೇಳಿದ. ಟ್ಯಾಂಕ್ ರಾತ್ರಿಯೇ ತುಂಬಿರುತ್ತದೆ, ಬೆಳಿಗ್ಗೆ ನೀರು ತನ್ನಷ್ಟಕ್ಕೆ ಇಳಿದು ಹೋಗುತ್ತದೆ, ಅದಕ್ಕೆ ಕರೆಂಟ್ ಬೇಡ. ನೀರು ಬಿಡುವ ಹೊತ್ತಿನಲ್ಲಿ ಊರಿನ ಕರೆಂಟ್ ತೆಗೆದರೆ ಮೋಟಾರ್ ಹೇಗೆ ಓಡುತ್ತೆ? ಬೇರೆ ಕೆಲವು ಊರುಗಳಲ್ಲಿ ಹೀಗೆ ಮಾಡುತ್ತಾರೆ ಅಂತ ಅವನು ಕೇಳಿದ್ದ.

ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿನಲ್ಲಿ ಬಾಯಿ ಮಾತಿಗೆ ಒಪ್ಪಲಿಲ್ಲ, ಪಂಚಾಯಿತಿಯಿಂದ ಬರೆದುಕೊಡಿ ಅಂದರು. ಠರಾವು ಹೋಯಿತು. ಆರರಿಂದ ಏಳರವರೆಗೆ, ಹದಿನೈದು ದಿನದ ಪ್ರಯೋಗ.

ಮೊದಲ ದಿನ ಎಲ್ಲರ ಬಾಯಲ್ಲೂ ಬೈಗುಳ. ಬೆಳಿಗ್ಗೆ ಚಟ್ನಿ ರುಬ್ಬಲು ಮಿಕ್ಸಿ ಇಲ್ಲ. ಒಬ್ಬರು ಇನ್ವರ್ಟರ್‌ಗೆ ಮೋಟಾರ್ ಸಿಕ್ಕಿಸಲು ಹೋಗಿ ಇನ್ವರ್ಟರ್ ಕೂಗಿಕೊಂಡು ಬಂದ್ ಆಯಿತು. ಎರಡನೇ ದಿನ ಕಾಲೋನಿಯ ಕೊನೇ ಮನೆಯ ನಲ್ಲಿಯಲ್ಲಿ ನೀರು ಬಂತು. ದಾರದಷ್ಟು ಸಣ್ಣ, ಆದರೆ ನಿಲ್ಲದೆ ಬಂತು. ಆ ಮನೆಯ ಅಜ್ಜಿ ಬಕೆಟ್ ಇಡದೆ ಮೊದಲು ಕೈ ಇಟ್ಟು ನೋಡಿದರು.

ಆರನೇ ದಿನ ಪ್ರಯೋಗ ನಿಂತಿತು. ದೇವಸ್ಥಾನದ ಬೀದಿಯ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರೊಬ್ಬರಿಗೆ ಆಕ್ಸಿಜನ್ ಯಂತ್ರ ಇತ್ತು. ಅದು ಕರೆಂಟಿನಲ್ಲಿ ಓಡುವಂಥದ್ದು. ಮನೆಯವರು ಐದು ದಿನ ಹೇಗೋ ಬ್ಯಾಕಪ್ ಇಟ್ಟು ನಡೆಸಿದ್ದರು, ಆರನೇ ದಿನ ಮಗ ಪಂಚಾಯಿತಿ ಮುಂದೆ ಬಂದು ನಿಂತು ಕೂಗಾಡಿದ. ಅವನು ಕೂಗಾಡಿದ್ದು ಸರಿಯಾಗಿಯೇ ಇತ್ತು. ಕರೆಂಟ್ ತೆಗೆಯುವ ಮುಂಚೆ ಮನೆಮನೆಗೆ ಹೋಗಿ, ನಿಮ್ಮಲ್ಲಿ ಕರೆಂಟ್ ಇಲ್ಲದೆ ನಡೆಯದ ಯಂತ್ರ ಏನಾದರೂ ಇದೆಯಾ ಅಂತ ಒಂದು ಮಾತು ಕೇಳಬೇಕಿತ್ತು. ಬಕೆಟ್ ಹಿಡಿದು ಅದೇ ಮನೆಗಳಿಗೆ ಒಂದು ವಾರ ಓಡಾಡಿದ್ದೆವು. ಕೇಳಲಿಲ್ಲ. ಸಮಿತಿಯೂ ಕೇಳಲಿಲ್ಲ, ಪಿಡಿಒ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವರಿಗೆ ಏನೂ ಆಗಲಿಲ್ಲ ಅನ್ನುವುದು ನಮ್ಮ ಅದೃಷ್ಟ, ನಮ್ಮ ಜಾಣತನ ಅಲ್ಲ.

ಆದರೂ ಆ ಐದು ದಿನ ವ್ಯರ್ಥ ಆಗಲಿಲ್ಲ. ಮೋಟಾರ್ ಇಲ್ಲದೆಯೂ ಮೇಲಿನ ಕೇರಿಗೆ ಸಾಕಷ್ಟು ನೀರು ಬರುತ್ತದೆ ಅಂತ ಮೇಲಿನ ಕೇರಿಯವರೇ ಕಣ್ಣಾರೆ ನೋಡಿದ್ದರು. ಬಾಯಲ್ಲಿ ಹೇಳಿದ್ದಾಗ ಯಾರೂ ನಂಬಿರಲಿಲ್ಲ.

ಕೊನೆಗೆ ಮಾಡಿದ್ದು

ಕರೆಂಟ್ ಉಪಾಯ ಬಿಟ್ಟು ಸಮಿತಿ ಬೇರೆ ದಾರಿ ಹಿಡಿಯಿತು. ಈ ಸಲ ವಾರ್ಡ್ ಸಭೆ ನಿಜವಾಗಿ ಕರೆದರು, ಒಂದು ಕಾಲೋನಿಯ ಸಮುದಾಯ ಭವನದಲ್ಲಿ, ಒಂದು ದೇವಸ್ಥಾನದ ಕಟ್ಟೆಯಲ್ಲಿ. ಅಜೆಂಡಾದಲ್ಲಿ ನೀರು ಒಂದೇ ವಿಷಯ. ಮನೆ ಪಟ್ಟಿ ಇಲ್ಲ ಅಂತ ಮೊದಲೇ ಹೇಳಿದ್ದರಿಂದ ಜನ ಕಮ್ಮಿ ಬಂದರು, ಆದರೆ ಬಂದವರು ಕೊನೆವರೆಗೂ ಕೂತರು.

ದೇವಸ್ಥಾನದ ಬೀದಿ ಮುಗಿಯುವಲ್ಲಿ ಒಂದು ಗೇಟ್ ವಾಲ್ವ್ ಹಾಕಿ ಊರನ್ನು ಎರಡು ಭಾಗ ಮಾಡುವುದು, ಟ್ಯಾಂಕ್‌ನಿಂದ ಕಾಲೋನಿಗೆ ಬೇರೆ ಪೈಪು ಎಳೆಯುವುದು, ಚರಂಡಿಯೊಳಗಿನ ಪೈಪನ್ನು ಮೇಲೆತ್ತುವುದು, ಇಷ್ಟು ತೀರ್ಮಾನ ಆಯಿತು. ಮೀಟರ್ ಹಾಕೋಣ ಅಂತ ಒಂದು ಮಾತು ಬಂತು, ಅದನ್ನು ಮುಂದಕ್ಕೆ ಹಾಕಿದರು. ಕಾಲೋನಿಗೆ ಮೊದಲು ನೀರು, ಆಮೇಲೆ ಮೇಲಿನ ಕೇರಿ. ಈ "ಮೊದಲು" ಅನ್ನುವ ಒಂದು ಪದದ ಮೇಲೆ ಮುಕ್ಕಾಲು ಗಂಟೆ ಜಗಳ ಆಯಿತು. ನಮಗೆ ನೀರು ಅಷ್ಟೇ ಸಿಗುತ್ತದೆ ಸರಿ, ಆದರೆ ಕಾಲೋನಿಗೆ ಮೊದಲು ಅಂದರೆ ಹೇಗೆ ಅಂತ ಮೇಲಿನ ಕೇರಿಯವರು. ಕಡೆಗೆ ದಿನ ಬಿಟ್ಟು ದಿನ ಸರದಿ ಅಂತ ಒಪ್ಪಿದರು. ಒಂದು ದಿನ ಅವರು ಮೊದಲು, ಒಂದು ದಿನ ಇವರು. ಅಕ್ಕ ಒಪ್ಪಿದಳು. ನಾನಾಗಿದ್ದರೆ ಒಪ್ಪುತ್ತಿರಲಿಲ್ಲವೇನೋ. "ಸಾರ್, ನಿಮ್ಗೆ ಮೊದ್ಲು ಬೇಕು, ನಮ್ಗೆ ನೀರು ಬೇಕು" ಅಂದಳು.

ಇನ್ನೊಂದು ನಿರ್ಧಾರ ಸಣ್ಣದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ನೀರಗಂಟಿ ಪ್ರತಿ ದಿನ ಯಾವ ವಾಲ್ವ್ ಎಷ್ಟು ಗಂಟೆಗೆ ತಿರುಗಿಸಿದ ಅಂತ ಅಂಗನವಾಡಿಯಲ್ಲಿ ಇಟ್ಟ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಎರಡೂ ಕಡೆಯಿಂದ ಒಬ್ಬೊಬ್ಬರು ಸಹಿ ಹಾಕಬೇಕು. ಮೇಲಿನವರು ಗದರಿಸಿದರೆ ಅವನು ಪುಸ್ತಕ ತೋರಿಸಬಹುದು. ಜಪ್ತಿಗೆ ಹೋಗಿ ಬೈಸಿಕೊಂಡು ಬಂದಾಗ ಅವನ ಬೆನ್ನ ಹಿಂದೆ ಯಾರೂ ಇರಲಿಲ್ಲ. ಈಗ ಇನ್ನೂರು ಪೇಜಿನ ಪುಸ್ತಕ ಇತ್ತು.

ಪೈಪಿನ ಕೆಲಸ ಮುಗಿಯಲು ಅಂದುಕೊಂಡದ್ದಕ್ಕಿಂತ ಬಹಳ ಜಾಸ್ತಿ ದಿನ ಹಿಡಿಯಿತು. ಅದರ ಕಥೆ ಎಲ್ಲ ಕಾಮಗಾರಿಗಳ ಕಥೆಯೇ, ಬಿಡಿ. ಮುಗಿದ ಮೇಲೆ ಕಾಲೋನಿಯ ಎಲ್ಲ ಮನೆಗೂ ನೀರು ಬಂತು, ಕೊನೇ ಆರು ಮನೆಗಳಿಗೂ. ಮೇಲಿನ ಕೇರಿಯ ಬಾಟಲಿ ಮತ್ತೆ ಕಪ್ಪಾಗಲಿಲ್ಲ. ಕಾಲೋನಿಯಲ್ಲಿ ಕಂದಾಯ ಕಟ್ಟುವವರು ಹೆಚ್ಚಾದರು, ಎಲ್ಲರೂ ಅಲ್ಲ. ಮೇಲಿನ ಕೇರಿಯ ಹಳೇ ಬಾಕಿ ಹಾಗೇ ಉಳಿಯಿತು. ಮೋಟಾರ್‌ಗಳು ಪೂರ್ತಿ ಹೋಗಲಿಲ್ಲ. ಆದರೆ ಅಲ್ಲೊಂದು ಇಲ್ಲೊಂದು ಇದ್ದರೂ ಈಗ ಅದು ಕಾಲೋನಿಯ ಪೈಪನ್ನು ಮುಟ್ಟುವುದಿಲ್ಲ.

ನಮ್ಮಲ್ಲಿ ಪಂಚಾಯಿತಿ ಅಧ್ಯಕ್ಷರ ಅವಧಿ ಮೂವತ್ತು ತಿಂಗಳು. ಆ ಊರಲ್ಲೂ ಅಧ್ಯಕ್ಷರು ಬದಲಾದರು, ಪಿಡಿಒಗೆ ವರ್ಗ ಆಯಿತು. ಹೊಸಬರಿಗೆ ವಾಲ್ವ್‌ನ ಕಥೆ ಗೊತ್ತಿರಲಿಲ್ಲ. ಸರದಿಯ ತೀರ್ಮಾನ ನಡಾವಳಿಯಲ್ಲಿ ಪೂರ್ತಿ ಬರೆದಿದ್ದರಿಂದ ಅದು ಉಳಿಯಿತು. ಹಿಂದಿನ ಹಾಗೆ "ಚರ್ಚಿಸಲಾಯಿತು" ಅಂತ ಒಂದು ಸಾಲು ಬರೆದು ಬಿಟ್ಟಿದ್ದರೆ ಇನ್ನೊಂದು ಸಲ ಮೊದಲಿನಿಂದ ಶುರು ಮಾಡಬೇಕಿತ್ತು.

ಕಳೆದ ಸಲ ಹೋದಾಗ ಅಂಗನವಾಡಿಗೆ ಹೋಗಿ ನೋಟ್‌ಬುಕ್ ತೆಗೆದು ನೋಡಿದೆ. ಅದು ಮೂರನೇ ಪುಸ್ತಕ. ಎಲ್ಲ ದಿನದ್ದೂ ಇತ್ತು, ನಡುವೆ ಎರಡು ದಿನ ಮಾತ್ರ ಖಾಲಿ. ನೀರಗಂಟಿಯನ್ನು ಕೇಳಿದೆ. ತಲೆ ಕೆರೆದುಕೊಂಡ.

"ಊರ ಹಬ್ಬ ಸಾರ್ ಅವತ್ತು. ಎಲ್ಲರ ಮನೇಲೂ ನೆಂಟ್ರು. ಎಲ್ಲ ಕಡೆಗೂ ಒಟ್ಟಿಗೆ ಬಿಟ್ಬಿಟ್ಟೆ. ಯಾರು ಮೊದ್ಲು ಅಂತ ಬರೆಯೋದು?"

"ಕೊನೇ ಮನೆಗೆ ಬಂತಾ?" ಅಂದೆ.

"ಅಕ್ಕನ್ನೇ ಕೇಳಿ" ಅಂದ.

ಅಕ್ಕನ ಮನೆ ಮುಂದೆ ನಲ್ಲಿ ಕೆಳಗೆ ಎರಡು ಬಿಂದಿಗೆ ಇದ್ದವು. ಒಂದು ತುಂಬಿತ್ತು.